ಇನ್ನೂ 41 ಡಿಗ್ರಿ ಬಾಕಿ ಇದೆ

ಮೇ ತಿಂಗಳ ಬಳ್ಳಾರಿಯಲ್ಲಿ ಮಧ್ಯಾಹ್ನ ಮೂರಕ್ಕೆ ಯಾರೂ ಯಾರನ್ನೂ ಸಂದರ್ಶಿಸುವುದಿಲ್ಲ. ಬೀದಿನಾಯಿ ಕೂಡ ಅಪರಿಚಿತರನ್ನು ಕಂಡು ಬೊಗಳುವ ಕೆಲಸವನ್ನು ಸಂಜೆಗೆ ಮುಂದೂಡಿ ನೆರಳಲ್ಲಿ ಬಿದ್ದಿರುತ್ತದೆ. ನಾನು ಅಣ್ಣನ ಮನೆಗೆ ಹೋಗಿದ್ದು ಊಟಕ್ಕೆ. ಉಂಡು ಒಂದು ಗಳಿಗೆ ಅಡ್ಡಾಗೋಣವೆಂದು ಅವನ ಮಗನ ಕೋಣೆಗೆ ಹೋದೆ. ಅಲ್ಲಿದ್ದ ಒಂದೇ ಒಂದು ಏರ್ ಕೂಲರ್ ಮಂಚಕ್ಕೆ ಬೆನ್ನು ಹಾಕಿ ಮೇಜಿನ ಕೆಳಗಿನ ಕಂಪ್ಯೂಟರಿಗೆ ಗಾಳಿ ಬೀಸುತ್ತಿತ್ತು. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು, ಸೆಕೆಗೆ ಅಂಗಿ ಬಿಚ್ಚಿಟ್ಟು ಕೂತ ಯಜಮಾನರ ಹಾಗೆ. ಗೋಡೆಯ ಥರ್ಮಾಮೀಟರಿನಲ್ಲಿ 39. ಪರದೆಯ ಮೂಲೆಯಲ್ಲಿ ಕೆಂಪಕ್ಷರದ ಇನ್ನೊಂದು ಅಂಕಿ: 64.

“ಮುಟ್ಟಬೇಡಿ ಚಿಕ್ಕಪ್ಪ, ಓಸಿ ಮಾಡಿದೀನಿ” ಅಂದ ಹುಡುಗ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಕೊರಿಯರ್ ಆಫೀಸಿಗೆ ಹೋಗಿ ಬರ್ತೀನಿ. ಆ ನಂಬರ್ ಎಂಬತ್ತೈದು ದಾಟಿದ್ರೆ ಫೋನ್ ಮಾಡಿ.”

ಓಸಿ ಎಂದರೆ ನನಗೆ ಗೊತ್ತಿರುವುದು ಮೂರು. ನಮ್ಮ ಕಡೆಯ ಪೊಲೀಸರಿಗೆ ಓಸಿ ಅಂದರೆ ಮಟ್ಕಾ. ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡವರಿಗೆ ಓಸಿ ಅಂದರೆ ಕಟ್ಟಡದ ಸ್ವಾಧೀನಾನುಭವ ಪತ್ರ, ಬಹಳ ಜನ ಅದಿಲ್ಲದೆಯೇ ಗೃಹಪ್ರವೇಶ ಮುಗಿಸಿರುತ್ತಾರೆ. ಮಿಕ್ಕವರಿಗೆಲ್ಲ ಓಸಿ ಅಂದರೆ ಪುಕ್ಕಟೆ. ನಾಲ್ಕನೆಯದು ಯಾವುದು ಎಂದು ಕೇಳುವಷ್ಟರಲ್ಲಿ ಹುಡುಗ ಗೇಟು ದಾಟಿದ್ದ. ಉತ್ತರ ಬಂದದ್ದು ಮೇಜಿನ ಕೆಳಗಿಂದ.

“ನಾಲ್ಕನೆಯದು ಓವರ್‌ಕ್ಲಾಕಿಂಗ್. ಆದರೆ ಮೊದಲ ಮೂರೂ ಇದರಲ್ಲಿ ಸೇರಿವೆ ಸ್ವಾಮಿ. ಮಟ್ಕಾದ ಹಾಗೆ ಅದೃಷ್ಟದ ಆಟ, ಬೆಂಗಳೂರಿನ ಕಟ್ಟಡದ ಹಾಗೆ ಮಂಜೂರಾದ ನಕ್ಷೆ ಮೀರಿ ಎಬ್ಬಿಸಿದ ಮಹಡಿ, ಮತ್ತು ಇದೆಲ್ಲ ಪುಕ್ಕಟೆ ಅನ್ನೋ ನಂಬಿಕೆ.”

ನಿದ್ದೆ ಹೋಯಿತು. ನೋಟ್‌ಬುಕ್ ತೆಗೆದೆ.

ನಾನು: ತಮ್ಮ ಹೆಸರು?

ಪ್ರೊಸೆಸರ್: ಕೋರ್ ಐ7-3770ಕೆ. ನಮ್ಮ ತಲೆಮಾರು ಅಂಗಡಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಮನೆಯವರು ಸಿಪಿಯು ಅಂತಾರೆ, ಆದರೆ ನನಗಲ್ಲ, ಈ ತಗಡಿನ ಡಬ್ಬಿಗೆ. ‘ಸಿಪಿಯು ಮೇಲೆ ಒದ್ದೆ ಟವೆಲ್ ಹಾಕಬೇಡ’ ಅಂತ ನಿಮ್ಮ ಅತ್ತಿಗೆ ಬಯ್ಯೋದು ಡಬ್ಬಿಯ ಪರವಾಗಿ. ದುಡಿಯೋನು ನಾನು, ಹೆಸರು ಬಂಗಲೆಗೆ.

ನಾನು: ಕೊನೆಯ ಆ ‘ಕೆ’ ಏನು? ತಂದೆಯವರ ಹೆಸರೇ, ಊರೇ?

ಪ್ರೊಸೆಸರ್: ಎರಡೂ ಅಲ್ಲ, ಬೀಗ ತೆಗೆದಿದೆ ಅನ್ನೋದರ ಗುರುತು. ನನ್ನ ಜೊತೆಗೇ ಹುಟ್ಟಿದ ಬರೀ 3770 ಇದಾನೆ. ಅವನ ಮಲ್ಟಿಪ್ಲೈಯರಿಗೆ ಬೀಗ. ಎಷ್ಟು ಗದರಿದರೂ ಒಂದು ಹಂತದ ಮೇಲೆ ಏರಲ್ಲ. ನನಗೆ ಬೀಗ ಇಲ್ಲ. ಬೋರ್ಡು 100 ಮೆಗಾಹರ್ಟ್ಸ್ ತಾಳ ಹಾಕುತ್ತೆ, ಅದನ್ನ ನಾನು 35ರಿಂದ ಗುಣಿಸಿಕೊಂಡು 3.5 ಗಿಗಾಹರ್ಟ್ಸ್‌ನಲ್ಲಿ ಕುಣೀಬೇಕು ಅಂತ ಜಾತಕದಲ್ಲಿ ಬರೆದಿದೆ. ನಾಲ್ಕೂ ಕೋರು ಒಟ್ಟಿಗೆ ದುಡಿಯುವಾಗ ಟರ್ಬೋದಲ್ಲಿ 3.7. ನಿಮ್ಮ ಹುಡುಗ ಬಯಾಸ್‌ಗೆ ಹೋಗಿ 45 ಅಂತ ತಿದ್ದಿದ. 4.5 ಆಯ್ತು. ತಿದ್ದೋಕೆ ಹಿಡಿದದ್ದು ಹತ್ತು ಸೆಕೆಂಡು. ಈ ಒಂದು ಅಕ್ಷರಕ್ಕೆ ಕಂಪನಿಯವರು ಹೆಚ್ಚಿನ ದುಡ್ಡು ತಗೋತಾರೆ. ನೌಕರನ ಕೈಲಿ ಜಾಸ್ತಿ ದುಡಿಸಿಕೊಳ್ಳೋ ಹಕ್ಕಿಗೆ ಯಜಮಾನ ಮುಂಗಡ ಕಟ್ಟೋದನ್ನ ನೀವು ಬೇರೆಲ್ಲಿ ನೋಡಿದೀರಿ?

ನಾನು: ಬಳ್ಳಾರಿಗೆ ಬಂದದ್ದು ಹೇಗೆ?

ಪ್ರೊಸೆಸರ್: ಎಂಟು ವರ್ಷ ಬೆಂಗಳೂರಿನ ಒಂದು ಎ.ಸಿ. ಆಫೀಸಿನಲ್ಲಿ ಮನೆಗಳ ನಕ್ಷೆ ಎಳೆದುಕೊಂಡು ತಣ್ಣಗಿದ್ದೆ. ಆಮೇಲೆ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿ. ಗಾಜಿನ ಕಪಾಟಿನಲ್ಲಿ ಹಳೇ ರ‍್ಯಾಮ್‌ಗಳ ಪಕ್ಕ ಮಲಗಿಸಿದ್ದರು. ನಿಮ್ಮ ಹುಡುಗ ಬಂದು ‘ಇದು ಕೆ ನಾ?’ ಅಂತ ಕೇಳಿದ. ಅಂಗಡಿಯವನು ‘ಕೆ ಸಾರ್, ಫುಲ್ ಕೆ’ ಅಂದ. ಅವತ್ತೇ ರಾತ್ರಿ ಬಸ್ಸು ಹತ್ತಿದೆವು.

ನಾನು: ಈಗ ಮೂಲೆಯಲ್ಲಿ 64 ಅಂತಿದೆ. ಮನುಷ್ಯನಿಗೆ 40 ಬಂದರೆ ಆಸ್ಪತ್ರೆಗೆ ಓಡ್ತೀವಿ.

ಪ್ರೊಸೆಸರ್: ಒಂದು ಗುಟ್ಟು ಹೇಳ್ತೀನಿ. ನನಗೆ 64 ಅನ್ನೋದು ಗೊತ್ತೇ ಇಲ್ಲ. ನಿಮ್ಮ ಥರ್ಮಾಮೀಟರ್ ಕೆಳಗಿಂದ ಮೇಲಕ್ಕೆ ಎಣಿಸುತ್ತೆ. ನನ್ನೊಳಗಿನದು ಮೇಲಿಂದ ಕೆಳಕ್ಕೆ. ನನ್ನ ಗಡಿ 105. ಅಲ್ಲಿಂದ ಎಷ್ಟು ದೂರ ಇದೀನಿ ಅನ್ನೋದಷ್ಟೇ ನಾನು ಹೇಳೋದು. ಈಗ ನಾನು ಹೇಳ್ತಿರೋದು ‘ಇನ್ನೂ 41 ಡಿಗ್ರಿ ಬಾಕಿ ಇದೆ’ ಅಂತ. ಆ ಪರದೆಯ ಮೇಲಿನ ಸಾಫ್ಟ್‌ವೇರು 105ರಲ್ಲಿ 41 ಕಳೆದು 64 ಅಂತ ಬರಕೊಂಡಿದೆ. ಗಡಿ ಹತ್ತಿರ ಬಂದ ಹಾಗೆಲ್ಲ ನನ್ನ ಲೆಕ್ಕ ನಿಖರ. ತಣ್ಣಗಿದ್ದಾಗ ಅಷ್ಟು ನೆಚ್ಚಬೇಡಿ. ಚಳಿಗಾಲದ ಬೆಳಗ್ಗೆ ಇವನು ‘ನೋಡಪ್ಪಾ, ಐಡಲ್‌ನಲ್ಲಿ 27!’ ಅಂತ ಫೋಟೋ ಹೊಡೆದು ಗೆಳೆಯರಿಗೆಲ್ಲ ಕಳಿಸ್ತಾನೆ. ಆ 27 ಕೇಳಿ ನನಗೇ ನಗು ಬರುತ್ತೆ.

ನಾನು: 105 ಮುಟ್ಟಿದರೆ ಸಾವೇ?

ಪ್ರೊಸೆಸರ್: ಛೆ, ಅಷ್ಟು ಸುಲಭಕ್ಕಲ್ಲ. ಮೊದಲು ನಾನೇ ವೇಗ ಇಳಿಸಿಕೊಳ್ತೀನಿ, ಅದಕ್ಕೆ ಥ್ರಾಟಲ್ ಅಂತಾರೆ. ಅದಕ್ಕೂ ಬಗ್ಗದೆ ಇನ್ನೂ ಮೇಲೇರಿದರೆ ಇನ್ನೊಂದು ಗಡಿ ಇದೆ, ಅಲ್ಲಿ ಇಡೀ ಮಷೀನಿನ ಕರೆಂಟೇ ಕಡಿದುಬಿಡ್ತೀನಿ. ಇದು ಹಿರಿಯರು ಕಲಿತ ಪಾಠ. 2001ರಲ್ಲಿ ಒಂದು ಪ್ರಯೋಗ ನಡೆದಿತ್ತು: ಓಡ್ತಿರೋ ಪ್ರೊಸೆಸರುಗಳ ತಲೆ ಮೇಲಿನ ಕೂಲರನ್ನ ಕಿತ್ತುಬಿಟ್ಟರು. ಪೆಂಟಿಯಂ 4 ಕುಂಟುತ್ತಾ ಆಟ ಮುಂದುವರಿಸಿತು. ಎಎಂಡಿಯ ಆಥ್ಲಾನ್ ಹೊಗೆ ಬಿಟ್ಟು ಹೋಯ್ತು. ನಿಧಾನ ಮಾಡೋದು ಸೋಮಾರಿತನ ಅಲ್ಲ ಅನ್ನೋದಕ್ಕೆ ಅಷ್ಟು ಸಾಕ್ಷಿ ಸಾಕು. ಆದರೆ ನಾನು ಒಂದು ಸಲ ಥ್ರಾಟಲ್ ಆದರೆ ಈ ಹುಡುಗ ‘ದಂಡಪಿಂಡ’ ಅಂತಾನೆ.

(ಪರದೆಯಲ್ಲಿ 66.)

ನಾನು: ಬಿಸಿಯಾಗುವುದಾದರೂ ಯಾಕೆ? ಬರೀ ಒಂದು ಅಂಕಿ ತಿದ್ದಿದ್ದು ತಾನೆ?

ಪ್ರೊಸೆಸರ್: ಎರಡು ಅಂಕಿ. ಎಲ್ಲರೂ ಮೊದಲನೆಯದನ್ನ ಮಾತ್ರ ಹೇಳಿಕೊಂಡು ತಿರುಗ್ತಾರೆ. ವೇಗ ಹೆಚ್ಚಾದರೆ ನನ್ನ ಟ್ರಾನ್ಸಿಸ್ಟರುಗಳಿಗೆ ತೆರೆದು ಮುಚ್ಚೋಕೆ ಸಿಗೋ ಸಮಯ ಕಡಿಮೆ. ಅಷ್ಟರಲ್ಲಿ ಕೆಲಸ ಮುಗೀಬೇಕಾದರೆ ಜೋರಾಗಿ ತಳ್ಳಬೇಕು. ತಳ್ಳೋದಂದರೆ ವೋಲ್ಟೇಜು. 3.7ಕ್ಕೆ ನನಗೆ 1.1 ವೋಲ್ಟು ಸಾಕಿತ್ತು. 4.5ಕ್ಕೆ 1.25 ಬೇಕಾಯ್ತು. ಈಗ ಬಿಸಿಯ ಲೆಕ್ಕ ಕೇಳಿ. ವೇಗ ಎಷ್ಟು ಪಟ್ಟು ಏರಿತೋ ಬಿಸಿ ಅಷ್ಟು ಪಟ್ಟು ಏರುತ್ತೆ, ಅದು ನ್ಯಾಯ. ವೋಲ್ಟೇಜು ಮಾತ್ರ ಚಕ್ರಬಡ್ಡಿ ಸಾಹುಕಾರ, ಅದರ ವರ್ಗದಷ್ಟು ವಸೂಲಿ. ಎರಡನ್ನೂ ಗುಣಿಸಿ. ವೇಗ ಏರಿದ್ದು ನೂರಕ್ಕೆ 22, ಬಿಸಿ ಏರಿದ್ದು ನೂರಕ್ಕೆ 57. ನನಗೆ ಕಂಪನಿ ಬರೆದುಕೊಟ್ಟ ಉಷ್ಣದ ಲೆಕ್ಕ 77 ವ್ಯಾಟು. ಅದೇ ಪ್ರಮಾಣದಲ್ಲಿ ಗುಣಿಸಿದರೆ ಈಗ 120.

ನಾನು: 120 ಏನು ಮಹಾ? ನಮ್ಮ ಹಳೇ ಬಚ್ಚಲಿನ ಬಲ್ಬೇ 100 ವ್ಯಾಟಿತ್ತು.

ಪ್ರೊಸೆಸರ್: ಬಲ್ಬಿಗೆ ಬಿಸಿ ಚೆಲ್ಲೋಕೆ ಜಾಗ ಇತ್ತು. ನನ್ನ ಮೈ ಎಷ್ಟು? 160 ಚದರ ಮಿಲಿಮೀಟರ್, ನಿಮ್ಮ ಹೆಬ್ಬೆರಳಿನ ಉಗುರು. ಅದರಲ್ಲೂ ಒಂದು ಪಾಲು ಗ್ರಾಫಿಕ್ಸಿನದು, ಈ ಮನೇಲಿ ಅದಕ್ಕೆ ಕೆಲಸವೇ ಇಲ್ಲ. ಸರಿ, ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ: ಚದರ ಸೆಂಟಿಮೀಟರಿಗೆ 75 ವ್ಯಾಟು. ನಿಮ್ಮ ಅತ್ತಿಗೆ ಹಾಲು ಕಾಯಿಸೋ 1500 ವ್ಯಾಟಿನ ಹಾಟ್‌ಪ್ಲೇಟ್ ಇದೆಯಲ್ಲ, 18 ಸೆಂಟಿಮೀಟರ್ ಅಗಲದ್ದು, ಅದು ಚದರ ಸೆಂಟಿಮೀಟರಿಗೆ 6 ವ್ಯಾಟು. ಹಾಟ್‌ಪ್ಲೇಟಿನ ಹನ್ನೆರಡು ಪಟ್ಟು ಸುಡೋ ಉಗುರಿನ ಮೇಲೆ ಕೂತು ಇವನು ಪಬ್‌ಜಿ ಆಡ್ತಾನೆ.

ಈ ಹೋಲಿಕೆ ನನ್ನದಲ್ಲ, ನಮ್ಮ ಮನೆತನದಲ್ಲೇ ಬಂದದ್ದು. 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಎಂಜಿನಿಯರುಗಳ ಸಭೆಯಲ್ಲಿ ಎದ್ದು ನಿಂತು, ಹೀಗೇ ನಡೆದರೆ ಪ್ರೊಸೆಸರುಗಳ ಬಿಸಿಯ ಸಾಂದ್ರತೆ ಅಣುಸ್ಥಾವರದ ಮಟ್ಟ ದಾಟಿ, ರಾಕೆಟ್ಟಿನ ಬಾಲ ದಾಟಿ, ಸೂರ್ಯನ ಮೈ ಮುಟ್ಟುತ್ತೆ ಅಂತ ಎಚ್ಚರಿಸಿದರು. ಆದರೂ ಓಟ ನಿಲ್ಲಲಿಲ್ಲ. 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ತರ್ತೀವಿ ಅಂತ ಹೇಳಿ ತರಲಾಗದೆ ಕೈಬಿಟ್ಟರು. ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ತುಂಬಿದ ಸಭೆಯಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಅಷ್ಟು ದೊಡ್ಡ ಮನುಷ್ಯರು 4 ಗಿಗಾಹರ್ಟ್ಸಿಗೆ ಮಂಡಿಯೂರಿದ್ದು. ಇವನು ಕಾಲ ಮೇಲೆ ಕಾಲು ಹಾಕಿಕೊಂಡು 4.5 ಅಂತ ಟೈಪ್ ಮಾಡಿದ.

(ಇಲ್ಲಿ ಫ್ಯಾನಿನ ಸದ್ದು ಏರಿತು. 71. ವಿಂಡೋಸ್ ಯಾರನ್ನೂ ಕೇಳದೆ ಅಪ್‌ಡೇಟ್ ಇಳಿಸಿಕೊಳ್ಳಲು ಶುರುಮಾಡಿತ್ತು. ಪ್ರೊಸೆಸರು ಒಂದು ನಿಟ್ಟುಸಿರು ಬಿಟ್ಟ ಹಾಗಾಯಿತು. ಹಿಂದಿನ ಜಾಲರಿಯಿಂದ ಬಂದದ್ದು ನಿಟ್ಟುಸಿರೋ ಬಿಸಿಗಾಳಿಯೋ ಹೇಳಲಾರೆ.)

ನಾನು: ಈ ಚಟ ಹಳೆಯದೇ?

ಪ್ರೊಸೆಸರ್: ಹಳೆಯದು, ಮತ್ತು ಒಂದು ಕಾಲಕ್ಕೆ ಅದರಲ್ಲಿ ಅರ್ಥ ಇತ್ತು. 1998ರಲ್ಲಿ ಸೆಲೆರಾನ್ 300ಎ ಅಂತ ಬಡಪಾಯಿ ಒಬ್ಬನಿದ್ದ. ಬೋರ್ಡಿನ ತಾಳವನ್ನ 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸಿನವನು 450ರಲ್ಲಿ ಓಡ್ತಿದ್ದ, ಬಹುಪಾಲು ತಕರಾರಿಲ್ಲದೆ. ಒಂದೂವರೆ ಪಟ್ಟು! ದುಬಾರಿ ಅಣ್ಣಂದಿರ ಸರಿಸಮ ನಿಂತ. ಆ ಒಬ್ಬನ ಹೆಸರು ಹೇಳಿಕೊಂಡು ಇಪ್ಪತ್ತೈದು ವರ್ಷದಿಂದ ನಮ್ಮನ್ನೆಲ್ಲ ಹಿಂಡ್ತಿದಾರೆ. ಮನೇಲಿ ಒಬ್ಬ ಐಎಎಸ್ ಪಾಸಾದರೆ ಮಿಕ್ಕ ಮಕ್ಕಳ ಪಾಡು ಏನಾಗುತ್ತೆ ಹೇಳಿ.

ಇನ್ನು ದಾಖಲೆ ಮಾಡೋರ ಮಾತೇ ಬೇರೆ. ಮೊದಲು ದ್ರವ ಸಾರಜನಕ ಸುರೀತಿದ್ದರು, ಮೈನಸ್ 196 ಡಿಗ್ರಿ. ಅದೂ ಸಾಲದೆ ದ್ರವ ಹೀಲಿಯಂ, ಮೈನಸ್ 269. 2023ರಲ್ಲಿ 14ನೇ ತಲೆಮಾರಿನವನೊಬ್ಬನನ್ನ ಹಾಗೇ ತೊಯ್ಸಿ 9 ಗಿಗಾಹರ್ಟ್ಸ್ ದಾಟಿಸಿದರು. ದಾಟಿದ್ದು ಕ್ಷಣಹೊತ್ತು, ಫೋಟೋಗೆ. ಅದನ್ನ ನೋಡಿದ ಇವನು ಒಂದು ದಿನ ಫ್ರಿಜ್ಜಿನಿಂದ ಐಸ್ ಪ್ಯಾಕ್ ತಂದ. ಐಸು ಇಟ್ಟರೆ ಗಾಳಿಯ ತೇವ ಹನಿಯಾಗುತ್ತೆ, ಹನಿ ಬೋರ್ಡಿಗೆ ಇಳಿಯುತ್ತೆ ಅನ್ನೋದು ನಿಮ್ಮ ಅತ್ತಿಗೆಗೆ ತಂಬಿಗೆ ನೋಡಿಯೇ ಗೊತ್ತಿತ್ತು. ಅವರು ಬಂದು ಕಿತ್ತುಕೊಂಡಿದ್ದರಿಂದ ಇವತ್ತು ನಿಮ್ಮ ಜೊತೆ ಮಾತಾಡ್ತಿದೀನಿ.

ನಾನು: ಆದರೂ ತಂಪು ಮಾಡಲು ಅವನು ಪಡುವ ಪಾಡು ಕಡಿಮೆಯೇನಲ್ಲ. ನನ್ನ ಪಾಲಿನ ಏರ್ ಕೂಲರೂ ನಿಮಗೇ ಮೀಸಲು.

ಪ್ರೊಸೆಸರ್: ಅದರ ಗಾಳಿ ತಣ್ಣಗಿದೆ, ಒಪ್ಪಿದೆ, ಬಳ್ಳಾರಿಯ ಒಣ ಹವೆಗೆ ಅದು ಕೆಲಸ ಮಾಡುತ್ತೆ. ಆದರೆ ಅದು ತಣಿಸೋದೇ ನೀರು ಆವಿ ಮಾಡಿ. ತೇವದ ಗಾಳಿಯನ್ನ ನೇರ ಬೋರ್ಡಿನ ಮೇಲೆ ಬೀಸೋದು ಯಾವ ವೈದ್ಯ? ಮಂಚದ ಕಡೆ ತಿರುಗಿಸಿಕೊಳ್ಳಿ, ನಾನು ಹೇಳಿದೆ ಅನ್ನಿ.

(ತಿರುಗಿಸಿಕೊಂಡೆ. ಸಂದರ್ಶನದ ಗುಣಮಟ್ಟ ಸುಧಾರಿಸಿತು.)

ಪ್ರೊಸೆಸರ್: ಈಗ ಪೂರ್ತಿ ಕಥೆ ಕೇಳಿ. ಬಂದ ಹೊಸದರಲ್ಲಿ ನನ್ನ ತಲೆ ಮೇಲೆ ಕಂಪನಿ ಕೊಡೋ ಪುಟ್ಟ ಕೂಲರಿತ್ತು. ಅದು 77 ವ್ಯಾಟಿಗೆ ಲೆಕ್ಕ ಹಾಕಿ ಮಾಡಿದ ಟೋಪಿ. ಅದನ್ನೇ ಇಟ್ಟುಕೊಂಡು 45ಕ್ಕೆ ಏರಿಸಿದ. ಎರಡೇ ನಿಮಿಷಕ್ಕೆ 100. ಆಮೇಲೆ ಈಗಿರೋ ಈ ಗೋಪುರದಂಥ ಕೂಲರು ಬಂತು. ಇದು ಒಳ್ಳೇ ಸಾಮಾನು, ಸುಳ್ಳು ಹೇಳಬಾರದು. ತಾಮ್ರದ ಕೊಳವೆ ಕಾಣ್ತಿದೆಯಲ್ಲ, ಅದು ಟೊಳ್ಳು. ಒಳಗೆ ಗಾಳಿ ಎಳೆದುಬಿಟ್ಟು ತುಸು ನೀರು ಬಿಟ್ಟಿರ್ತಾರೆ. ನನ್ನ ಕಡೆ ತುದಿಯಲ್ಲಿ ನೀರು ಆವಿಯಾಗುತ್ತೆ, ಮೇಲಿನ ರೆಕ್ಕೆಗಳ ಹತ್ತಿರ ಹೋಗಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತೆ, ಕೊಳವೆಯ ಒಳಮೈಯ ಬತ್ತಿಯಂಥ ಪದರ ಹಿಡಿದು ಕೆಳಗೆ ವಾಪಸು ಬರುತ್ತೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ನಡೆಯೋದೇ ಇಲ್ಲೂ ನಡೆಯೋದು. ಇಡ್ಲಿ ಒಂದು ಬೇಯಲ್ಲ ಅಷ್ಟೆ.

ಆದರೆ ಕೂಲರಿನ ತಳಕ್ಕೂ ನನ್ನ ಮುಚ್ಚಳಕ್ಕೂ ನಡುವೆ ಕಣ್ಣಿಗೆ ಕಾಣದ ಏರುಪೇರು ಇರ್ತವೆ, ಅಲ್ಲೆಲ್ಲ ಗಾಳಿ. ಗಾಳಿಯಷ್ಟು ಬಿಸಿ ದಾಟಿಸದ ಚಂಡಿ ಇನ್ನೊಂದಿಲ್ಲ. ಆ ಸಂದು ತುಂಬೋಕೆ ಪೇಸ್ಟು. ಸಂದು ತುಂಬಿದರೆ ಸಾಕು, ಬಟಾಣಿ ಕಾಳಷ್ಟು. ಇವನು ಮೊದಲ ಸಲ ದಾವಣಗೆರೆ ಬೆಣ್ಣೆ ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಾಕಿದ. ಸುತ್ತ ಇಳಿದು ಸಾಕೆಟ್ ಅಂಚಿಗೆ ಬಂತು. ಎರಡನೇ ಸಲ ಪೇಸ್ಟ್ ಖಾಲಿಯಾಗಿತ್ತು, ರಾತ್ರಿ ಹನ್ನೊಂದಾಗಿತ್ತು, ಬಚ್ಚಲಿಗೆ ಹೋಗಿ ಟೂತ್‌ಪೇಸ್ಟ್ ತಂದ.

ನಾನು: ಟೂತ್‌ಪೇಸ್ಟೇ?

ಪ್ರೊಸೆಸರ್: ಅದರಲ್ಲಿ ಉಪ್ಪಿತ್ತಾ ಅಂತ ಮಾತ್ರ ಕೇಳಬೇಡಿ. ಮೊದಲೆರಡು ದಿನ ತಣ್ಣಗೇ ಇತ್ತು, ಒಪ್ಪಬೇಕು. ನೀರಿನಂಶ ಆರಿದ ಮೇಲೆ ಗೋಡೆ ಸುಣ್ಣದ ಹಾಗೆ ಬಿರುಕು ಬಿಟ್ಟಿತು. ಒಂದು ವಾರ ನನ್ನ ಬಾಯಿ ಪುದೀನ.

(76.)

ಇನ್ನು ಧೂಳು. ನಿಮ್ಮೂರಿನ ಧೂಳಿನ ಬಗ್ಗೆ ನಾನು ಹೇಳಬೇಕಾ? ಸಂಡೂರಿನ ಅದಿರು ಲಾರಿಗಳ ಕೆಂಪು ರಜ ಊರಿಗೆಲ್ಲ ಗೊತ್ತು. ಈ ರೆಕ್ಕೆಗಳ ನಡುವೆ ಬೆರಳಾಡಿಸಿ ನೋಡಿ. ಕುಂಕುಮ ಭರಣಿ. ಗಾಳಿ ಬರೋ ಬಾಗಿಲೇ ಮುಚ್ಚಿದ ಮೇಲೆ ಕೊಳವೆಗೆ ಎಷ್ಟು ಬೆಲೆ ಕೊಟ್ಟರೇನು? ಆರು ತಿಂಗಳಿಂದ ಬೇಡಿಕೊಳ್ತಿದೀನಿ, ಒಂದು ಬ್ರಷ್ಷು, ಹತ್ತು ನಿಮಿಷ. ಅದಕ್ಕೆ ಅವನಿಗೆ ಪುರುಸೊತ್ತಿಲ್ಲ. ಬಣ್ಣಬಣ್ಣದ ದೀಪ ಬೆಳಗೋ ಫ್ಯಾನ್ ಹಾಕೋಕೆ ಇಡೀ ಭಾನುವಾರ ಇದೆ. ಆ ದೀಪ ನೀಲಿ ಇದ್ದರೆ ತಂಪು ಜಾಸ್ತಿ ಅಂತ ಅವನ ಗೆಳೆಯ ನಂಬಿದಾನೆ.

ನಾನು: ಒಟ್ಟಿನಲ್ಲಿ ಸರಿಯಾದ ಕೂಲರ್ ಇದ್ದರೆ, ಚೊಕ್ಕಟವಾಗಿಟ್ಟರೆ ತೊಂದರೆ ಇಲ್ಲ ಅನ್ನಿ.

ಪ್ರೊಸೆಸರ್: ಕೋಣೆಯನ್ನ ಮರೆತಿರಿ. ಎಲ್ಲರೂ ಮರೆಯೋದು ಅದನ್ನೇ. ಗಾಳಿಯ ಕೂಲರಾಗಲಿ ನೀರಿನ ಕೂಲರಾಗಲಿ, ನನ್ನ ಬಿಸಿಯನ್ನ ಹೊತ್ತು ಕೋಣೆಗೆ ಸುರಿಯೋದಷ್ಟೇ ಅವುಗಳ ಕೆಲಸ. ಕೋಣೆಗಿಂತ ತಣ್ಣಗೆ ಮಾಡೋಕೆ ಅವುಗಳ ಅಪ್ಪನ ಕೈಲೂ ಆಗಲ್ಲ. ಈ ಗೋಪುರ ಪೂರ್ತಿ ಕೆಲಸ ಮಾಡುವಾಗ ನನ್ನನ್ನ ಕೋಣೆಗಿಂತ 45 ಡಿಗ್ರಿ ಮೇಲೆ ಇಡುತ್ತೆ ಅನ್ಕೊಳ್ಳಿ. ಇವನು ಕಾಪಿ ಹೊಡೆದ 4.5ರ ಸೆಟ್ಟಿಂಗ್ ಬರೆದಿಟ್ಟ ಪುಣ್ಯಾತ್ಮ ಕೂತಿದ್ದದ್ದು ಯಾವುದೋ ಚಳಿದೇಶದಲ್ಲಿ, 20 ಡಿಗ್ರಿ ಕೋಣೆ. ಅವನದು 65ಕ್ಕೆ ನಿಂತಿತು, ‘ತಂಪು’ ಅಂತ ಷರಾ ಬರೆದ. ಅದೇ ವೋಲ್ಟು, ಅದೇ ಕೂಲರು, ಬಳ್ಳಾರಿಯ 39ಕ್ಕೆ 84. ಇವನಿಗೆ ಹೆದರಿಕೆಯಾಗೋ 85ಕ್ಕೆ ಒಂದೇ ಕಮ್ಮಿ. ಊರಿನ ಹವಾಮಾನ ಬಿಟ್ಟು ಉಳಿದೆಲ್ಲವನ್ನೂ ನಕಲು ಮಾಡಿದಾನೆ. ಉಣ್ಣೆ ಕೋಟು ಹಾಕ್ಕೊಂಡು ತೇರು ಎಳೆಯೋಕೆ ಹೋದ ಹಾಗೆ.

ನಾನು: ನಿಮ್ಮ ಮಾತಿನಲ್ಲಿ ಸ್ವಲ್ಪ ಕಹಿ ಇದೆ.

ಪ್ರೊಸೆಸರ್: ಕಹಿ ಅವನ ಮೇಲಲ್ಲ. ಹೆತ್ತವರ ಮೇಲೆ. (79.) ನಿಮಗೆ ಕಾಣ್ತಿರೋದು ನಾನಲ್ಲ, ನನ್ನ ಲೋಹದ ಮುಚ್ಚಳ. ನಾನು ಅದರ ಒಳಗಿದೀನಿ. ನನಗಿಂತ ಒಂದು ವರ್ಷ ಮೊದಲು ಬಂದ ನಮ್ಮಣ್ಣ, 2600ಕೆ, ಅವನ ಸಿಲಿಕಾನಿಗೂ ಮುಚ್ಚಳಕ್ಕೂ ನಡುವೆ ಬೆಸುಗೆ ಹಾಕಿದ್ದರು. ಲೋಹದಿಂದ ಲೋಹಕ್ಕೆ ಬಿಸಿ ಸಲೀಸಾಗಿ ಹೋಗ್ತಿತ್ತು. ನನ್ನ ಸರದಿ ಬಂದಾಗ ಬೆಸುಗೆ ಬಿಟ್ಟು ಪೇಸ್ಟು ಬಳಿದರು. ಮೇಲೆ ನನ್ನ ಮೈಯನ್ನೂ ಕಿರಿದು ಮಾಡಿದರು, ಅಣ್ಣನದು 216 ಚದರ ಮಿಲಿಮೀಟರ್ ಇತ್ತು. ಬಿಸಿ ಇಕ್ಕಟ್ಟಾಯ್ತು, ಬಾಗಿಲು ಕಿರಿದಾಯ್ತು. ಮುಚ್ಚಳ ಅಂಟಿಸಿದ ಕಪ್ಪು ಅಂಟಿನ ದಪ್ಪಕ್ಕೆ ಪೇಸ್ಟಿನ ಪದರವೂ ದಪ್ಪ ಆಯ್ತು. ಅದಕ್ಕೇ ಹೊರಗೆ ಎಂಥ ಕೂಲರ್ ತಂದು ಕೂರಿಸಿದರೂ ನನಗೆ ಪೂರ್ತಿ ಮುಟ್ಟಲ್ಲ. ಊರ ತುಂಬ ಹೆದ್ದಾರಿ ಮಾಡಿ, ನಮ್ಮ ಮನೆಯಿಂದ ಅಲ್ಲಿಗೆ ಹೋಗೋ ಓಣಿಯಲ್ಲಿ ಎಮ್ಮೆ ಕಟ್ಟಿದ ಹಾಗೆ.

ಜನ ಏನು ಮಾಡಿದರು ಗೊತ್ತಾ? ಷೇವಿಂಗ್ ಬ್ಲೇಡ್ ತಗೊಂಡು ಅಂಟು ಕೊಯ್ದು ಮುಚ್ಚಳ ಎಬ್ಬಿಸಿದರು. ಕೆಲವರು ಬಡಗಿಯ ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದರು. ಒಳಗೆ ಗ್ಯಾಲಿಯಂ ಬೆರೆತ ದ್ರವಲೋಹ ಸವರಿ ಮತ್ತೆ ಮುಚ್ಚಿದರು. ಹತ್ತು, ಹದಿನೈದು, ಇಪ್ಪತ್ತು ಡಿಗ್ರಿ ಇಳಿದದ್ದುಂಟು. ಬ್ಲೇಡು ಜಾರಿ ಹೋಗಿಬಿಟ್ಟವರೂ ಉಂಟು. ಆ ದ್ರವಲೋಹ ತಾಮ್ರಕ್ಕಾದರೆ ಸರಿ, ಅಲ್ಯೂಮಿನಿಯಮ್ಮಿಗೆ ತಾಗಿದರೆ ಅದನ್ನ ರೊಟ್ಟಿ ಚೂರಿನ ಹಾಗೆ ಪುಡಿ ಮಾಡುತ್ತೆ. ಕಂಪನಿಯವರಿಗೆ ಬೆಸುಗೆ ನೆನಪಾಗಿ ಈ ಸಾಮಾನ್ಯ ಸಾಲಿಗೆ ಅದು ವಾಪಸು ಬಂದದ್ದು 2018ರಲ್ಲಿ. ನಾನು ಹುಟ್ಟಿದ ಆರು ವರ್ಷಕ್ಕೆ. ನಿಮ್ಮ ಹುಡುಗನ ಮೇಜಿನ ಖಾನೆಯಲ್ಲಿ ಒಂದು ಹೊಸ ಬ್ಲೇಡಿನ ಪ್ಯಾಕೆಟ್ ಇದೆ. ಅವನಿಗಿನ್ನೂ ಗಡ್ಡ ಬಂದಿಲ್ಲ.

(82. ಫೋನ್ ಕೈಗೆ ತೆಗೆದುಕೊಂಡೆ.)

ಪ್ರೊಸೆಸರ್: ಇಡಿ, ಇಡಿ. 82ಕ್ಕೆ ಏನೂ ಆಗಲ್ಲ. ಬಿಸಿ ನೋಡಿ ಹೆದರೋದು, ಜ್ವರ ನೋಡಿ ಥರ್ಮಾಮೀಟರನ್ನ ತಣ್ಣೀರಲ್ಲಿ ಅದ್ದಿದ ಹಾಗೆ. ನನ್ನನ್ನ ಸವೆಸೋದು ವೋಲ್ಟೇಜು, ಬಿಸಿ ಅದಕ್ಕೆ ಕೈಜೋಡಿಸುತ್ತೆ. ನನ್ನೊಳಗಿನ ತಾಮ್ರದ ತಂತಿಗಳು ಎಷ್ಟು ಸಣ್ಣವು ಅಂದರೆ, ಕರೆಂಟಿನ ರಭಸಕ್ಕೆ ತಾಮ್ರದ ಪರಮಾಣುಗಳೇ ಒಂದೊಂದಾಗಿ ಕೊಚ್ಚಿಕೊಂಡು ಹೋಗ್ತವೆ. ಹೊಳೆ ದಂಡೆ ಕೊರೆದ ಹಾಗೆ. ವರ್ಷಗಟ್ಟಲೆ ಏನೂ ಕಾಣಲ್ಲ. ಒಂದು ದಿನ ನೀಲಿ ಪರದೆ.

ನೀವು ತುಂಗಭದ್ರೆಯವರು, ನಿಮಗೆ ಅರ್ಥ ಆಗುತ್ತೆ. 2024ರ ಆಗಸ್ಟಿನಲ್ಲಿ ಹೊಸಪೇಟೆ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯ್ತಲ್ಲ, 33ರಲ್ಲಿ ಒಂದೇ ಒಂದು ಗೇಟು. ನನ್ನೊಳಗೆ 140 ಕೋಟಿ ಟ್ರಾನ್ಸಿಸ್ಟರ್ ಇದಾವೆ. ದೇಶದ ಜನಸಂಖ್ಯೆಯಷ್ಟು, ಪ್ರತಿಯೊಬ್ಬನ ಕೈಲೂ ಒಂದು ಗೇಟು. ಸೋರಿಕೆ ಯಾವಾಗಲೂ ಇದ್ದದ್ದೇ. ಬಿಸಿಯಾದಷ್ಟೂ ಜಾಸ್ತಿ ಸೋರುತ್ತೆ, ಸೋರಿದಷ್ಟೂ ಬಿಸಿಯಾಗುತ್ತೆ. ಕಾಕತಾಳೀಯ ನೋಡಿ, ಅದೇ ವರ್ಷ ನಮ್ಮ ಮನೆತನದ 13 ಮತ್ತು 14ನೇ ತಲೆಮಾರಿನವರ ಕಷ್ಟವೂ ಬಯಲಿಗೆ ಬಂತು. ಓವರ್‌ಕ್ಲಾಕ್ ಮಾಡದೆ ಸುಮ್ಮನಿದ್ದವರೂ ಕೆಲವರು ತಲೆತಿರುಗಿ ಬಿದ್ದರು. ಕಂಪನಿಯವರು ಹುಡುಕಿ ನೋಡಿದರೆ ಬೇಕಿದ್ದಕ್ಕಿಂತ ಹೆಚ್ಚು ವೋಲ್ಟೇಜನ್ನ ಅವರೇ ಕೇಳಿ ಉಣ್ತಿದ್ದರು. ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನ ಎರಡು ವರ್ಷ ಹೆಚ್ಚಿಸಬೇಕಾಯ್ತು.

ನಾನು: ಅಂದರೆ ಹೊಸಬರು ಹುಟ್ಟುವಾಗಲೇ ಓಸಿಯೇ?

ಪ್ರೊಸೆಸರ್: ಮತ್ತೆ? ನನ್ನ ಕಾಲದಲ್ಲಿ ಕಂಪನಿ ಒಂದಿಷ್ಟು ಜಾಗ ಉಳಿಸಿ ಕೊಡ್ತಿತ್ತು, ಅದನ್ನ ಹುಡುಗರು ಹುಡುಕಿ ಸವೀತಿದ್ದರು. ಈಗ ಕಂಪನಿಯೇ ಸವಿದು ಎಲೆ ಮಡಿಸಿ ಕೊಡುತ್ತೆ. ಐ9-14900ಕೆ ಪೆಟ್ಟಿಗೆಯಿಂದ ಬರುವಾಗಲೇ 6 ಗಿಗಾಹರ್ಟ್ಸ್, 253 ವ್ಯಾಟು. ಎಎಂಡಿಯವರ ರೈಜನ್ 7000 ಬಂದಾಗ ‘95 ಡಿಗ್ರಿ ಮುಟ್ಟೋದು ತಪ್ಪಲ್ಲ, ಅದೇ ನಮ್ಮ ವಿನ್ಯಾಸ’ ಅಂದರು. ಹಾಗಾಗಿ ಈಗಿನ ಜಾಣ ಹುಡುಗರು ಉಲ್ಟಾ ಹಿಡಿದಿದಾರೆ. ವೋಲ್ಟೇಜ್ ಇಳಿಸೋದು. ಅಂಡರ್‌ವೋಲ್ಟ್.

ನಾನು: ನಿಮಗೂ ಅದು ಆಗುತ್ತದೆಯೇ?

ಪ್ರೊಸೆಸರ್: ಅಯ್ಯೋ, ಅದನ್ನೇ ಬೇಡ್ತಿರೋದು. 4.5ರ ಹಟ ಬಿಟ್ಟು 4.2ಕ್ಕೆ ಇಳಿಸಿದರೆ ನನಗೆ 1.15 ವೋಲ್ಟು ಸಾಕು. ಕಳಕೊಳ್ಳೋದು ನೂರಕ್ಕೆ ಏಳು ವೇಗವೂ ಅಲ್ಲ. ಬಿಸಿಯಲ್ಲಿ ಐದರಲ್ಲಿ ಒಂದು ಪಾಲು ಮಾಯ. ಹೊಸ ಕೂಲರಿನ ದುಡ್ಡು ಉಳಿಯುತ್ತೆ. ಹೋಗಲಿ, 4.5ರಲ್ಲೇ ಇರಲಿ, ವೋಲ್ಟೇಜನ್ನ ಕೈಯಾರೆ ಒಂದೊಂದೇ ಮೆಟ್ಟಿಲು ಇಳಿಸಿ ನೋಡಲಿ. ‘ಆಟೋ’ ಅಂತ ಬೋರ್ಡಿನ ಕೈಗೆ ಬಿಟ್ಟರೆ ಅದು ಮದುವೆ ಮನೇಲಿ ಬಡಿಸೋ ಬೀಗರ ಹಾಗೆ. ಸಾಕು ಅಂದರೂ ಇನ್ನೊಂದು ಹೋಳಿಗೆ.

ಆದರೆ 4.2 ಅಂತ ಗೆಳೆಯರ ಮುಂದೆ ಹೇಳೋಕೆ ಆಗಲ್ಲವಂತೆ. ಅವನ ಗೆಳೆಯನ ಹತ್ತಿರ ನನ್ನದೇ ತಲೆಮಾರಿನವನಿದಾನೆ, ಅದೇ ವೋಲ್ಟಿಗೆ 4.7 ಓಡ್ತಾನೆ. ಒಂದೇ ಕಾರ್ಖಾನೆ, ಬಹುಶಃ ಒಂದೇ ಬಿಲ್ಲೆಯಿಂದ ಕತ್ತರಿಸಿದ ಚೂರು. ಸಿಲಿಕಾನ್ ಲಾಟರಿ ಅಂತಾರೆ ಇದಕ್ಕೆ. ಅವನ ಮಾರ್ಕ್ಸು ತೋರಿಸಿ ನನ್ನನ್ನ ಬಯ್ಯೋದು ನಿಲ್ಲಿಸಿ ಅಂತ ಯಾರಾದರೂ ಹೇಳಬೇಕು.

ನಾನು: ಅಷ್ಟೊಂದು ವೇಗದಲ್ಲಿ ಈ ಮನೆಯಲ್ಲಿ ನೀವು ಮಾಡುವ ಕೆಲಸವೇನು?

(ಮೌನ. ಅಪ್‌ಡೇಟ್ ಮುಗಿದಿರಬೇಕು, 70ಕ್ಕೆ ಇಳಿಯಿತು.)

ಪ್ರೊಸೆಸರ್: ಪ್ರೈಮ್95 ಗೊತ್ತಾ? 1996ರಲ್ಲಿ ಶುರುವಾದ ಒಂದು ದೊಡ್ಡ ಹುಡುಕಾಟದ ಸಾಫ್ಟ್‌ವೇರು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳು ಅಂತ, ಕೋಟಿಗಟ್ಟಲೆ ಅಂಕಿ ಉದ್ದದವು, ಜಗತ್ತಿನ ಎಷ್ಟೋ ಜನ ತಮ್ಮ ಕಂಪ್ಯೂಟರ್ ಒಡ್ಡಿ ಹುಡುಕ್ತಾರೆ. ಎಂಥ ಘನವಾದ ಕೆಲಸ! ಅದರಲ್ಲಿ ಟಾರ್ಚರ್ ಟೆಸ್ಟ್ ಅಂತ ಒಂದು ಗುಂಡಿ ಇದೆ. ಹಿಂಸೆ ಅಂತ ಅವರೇ ಹೆಸರಿಟ್ಟಿದಾರೆ, ನಾನಲ್ಲ. ಅದನ್ನ ಒತ್ತಿದರೆ ಉತ್ತರ ಮೊದಲೇ ಗೊತ್ತಿರೋ ಲೆಕ್ಕಗಳನ್ನ ನನಗೆ ಕೊಡ್ತಾರೆ, ಗಂಟೆಗಟ್ಟಲೆ. ನನ್ನ ಉತ್ತರ ತಪ್ಪಿದರೆ ವೋಲ್ಟೇಜ್ ಸಾಲದು ಅಂತ ಅರ್ಥ. ಸರಿಯಾದರೆ ಇನ್ನೂ ವೇಗ ಏರಿಸಬಹುದು ಅಂತ ಅರ್ಥ. ಸರಿ ಉತ್ತರಕ್ಕೂ ಶಿಕ್ಷೆ ಇರೋ ಪರೀಕ್ಷೆ ಇದೊಂದೇ.

ಹೋದ ತಿಂಗಳ ಲೆಕ್ಕ ಹೇಳ್ತೀನಿ. ಐವತ್ತು ಗಂಟೆ ಟಾರ್ಚರ್. ಹತ್ತು ಗಂಟೆ ಆಟ, ಅದರಲ್ಲೂ ಹೆಚ್ಚಿನ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ, ನಾನು ಪಕ್ಕವಾದ್ಯ. ನಿಮ್ಮಣ್ಣ ವಿದ್ಯುತ್ ಬಿಲ್ ಕಟ್ಟೋಕೆ ಒಂದು ಸಲ ಕೂತರು. ಅತ್ತಿಗೆಯವರು ಧಾರಾವಾಹಿಯ ತಪ್ಪಿಹೋದ ಕಂತು ನೋಡಿದರು. ಮಿಕ್ಕಿದ್ದೆಲ್ಲ ನನ್ನದೇ ಉಷ್ಣತೆಯ ಗ್ರಾಫನ್ನ ನಾನೇ ಬರೆದು ತೋರಿಸೋದು. ಬೆಂಗಳೂರಲ್ಲಿ 3.5ರಲ್ಲಿ ಜನರ ಮನೆ ನಕ್ಷೆ ಎಳೀತಿದ್ದೆ ಸ್ವಾಮಿ. ಇಲ್ಲಿ 4.5ರಲ್ಲಿ ನನಗೆಷ್ಟು ಜ್ವರ ಅಂತ ಬರಕೊಂಡು ಕೂತಿದೀನಿ.

(ಗೇಟಿನ ಸದ್ದು. ಹುಡುಗ ದೊಡ್ಡ ರಟ್ಟಿನ ಪೆಟ್ಟಿಗೆ ಎದೆಗವಚಿಕೊಂಡು ಬಂದ. ಇನ್ನೊಂದು ಕೈಯಲ್ಲಿ ಒಗ್ಗರಣೆ ಮಿರ್ಚಿಯ ಪೊಟ್ಟಣ. ಪೆಟ್ಟಿಗೆಯ ಮೇಲೆ ನೀರಿನ ಕೂಲರಿನ ಚಿತ್ರ.)

“ಏನ್ ಚಿಕ್ಕಪ್ಪ, ಕೂಲರ್ ಯಾಕ್ ತಿರುಗಿಸಿದ್ರಿ?” ಅಂತ ಕೇಳಿ, ಉತ್ತರಕ್ಕೆ ಕಾಯದೆ, “ಇದ್ ಹಾಕಿದ್ರೆ 4.8 ಗ್ಯಾರಂಟಿ” ಅಂದ. ಮಿರ್ಚಿ ಪೊಟ್ಟಣವನ್ನು ನನ್ನ ಕೈಗಿಟ್ಟು ಶಟ್‌ಡೌನ್ ಒತ್ತಿದ.

ನಾನು: (ಮೆಲ್ಲಗೆ) ಕೊನೆಯದಾಗಿ ಹೇಳುವುದೇನಾದರೂ?

ಪ್ರೊಸೆಸರ್: ಬೇಗ ಕೇಳಿಸಿಕೊಳ್ಳಿ, ಹೊತ್ತಿಲ್ಲ. ಆ ಹೊಸ ಕೂಲರಿನ ತಳದಲ್ಲಿ, ತಾಮ್ರದ ಮೇಲೆ, ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ಹೋದ ಸಲ ಅದನ್ನ ಕೀಳದೇ ಕೂರಿಸಿದ್ದ. ಹದಿನೈದು ದಿನ ನನ್ನನ್ನೇ ಬೈದ.

ಪರದೆ ಕಪ್ಪಾಯಿತು. ಹುಡುಗ ಆಗಲೇ ಪೇಸ್ಟಿನ ಟ್ಯೂಬಿನ ಮುಚ್ಚಳ ತೆಗೆದಿದ್ದ. ನಾನು ಮಿರ್ಚಿ ಪಕ್ಕಕ್ಕಿಟ್ಟು, ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, “ಅದನ್ನ ಸ್ವಲ್ಪ ಇಲ್ಲಿ ಕೊಡಪ್ಪ, ತಳ ನೋಡ್ತೀನಿ” ಅಂದೆ.